ಕೋಲಾರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್: ಹಸಿರು ಕಟ್ಟಡದ ಸರ್ಟಿಫಿಕೇಟಿಗೆ ಬೆಳಕು, ನೀರು, ಕರೆಂಟಿನ ಲೆಕ್ಕ ಹೇಗೆ?

ಅಂತರಗಂಗೆ (ಕೋಲಾರ)

ಎಲ್ಲರಿಗೂ ನಮಸ್ಕಾರ. ಕೋಲಾರದ ಹೊರಗೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುತ್ತಿದ್ದೇವೆ. ಸೈಟಿನ ಜವಾಬ್ದಾರಿ ನನ್ನದು. 60 ಹುಡುಗಿಯರು, ವಾರ್ಡನ್, ಅಡುಗೆಯವರು ಸೇರಿ 65 ಜನ. ಕೆಳಗೊಂದು, ಮೇಲೆರಡು ಮಹಡಿ. ಒಂದೊಂದು ಮಹಡಿ 400 ಚದರ ಮೀಟರ್, ಒಟ್ಟು 1,200. ಮೊದಲ ಮಹಡಿಯ ಮೋಲ್ಡ್ ಹೋದ ವಾರ ಆಯಿತು.

ಹಣದ ದೊಡ್ಡ ಪಾಲು ಕೊಡುತ್ತಿರುವವರು ಈಗ ಒಂದು ಷರತ್ತು ಹಾಕಿದ್ದಾರೆ. ಕಟ್ಟಡಕ್ಕೆ ಹಸಿರು ಕಟ್ಟಡದ ಸರ್ಟಿಫಿಕೇಟ್ ಬೇಕು. ಐಜಿಬಿಸಿ ಆದರೂ ಸರಿ, ಗೃಹ ಆದರೂ ಸರಿ, ಎಡ್ಜ್ ಆದರೂ ಸರಿ. ಕನ್ಸಲ್ಟೆಂಟ್ ಒಬ್ಬರು ಒಂದು ಎಕ್ಸೆಲ್ ಹಾಳೆ ಕಳಿಸಿದ್ದಾರೆ. ಅದರಲ್ಲಿ ವಾಟ್, ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ನಿಮಿಷಕ್ಕೆ ಎಷ್ಟು ಲೀಟರ್ ಅಂತ ಮೂರು ದೊಡ್ಡ ಪಟ್ಟಿ. ಅಂಕಿ ತುಂಬುವುದು ಕಷ್ಟವಲ್ಲ. ತುಂಬಿದ ಅಂಕಿ ನಾಳೆ ಮಕ್ಕಳ ದಿನನಿತ್ಯದಲ್ಲಿ ನಿಜವಾಗಬೇಕು, ಅದೇ ನನ್ನ ಚಿಂತೆ.

ನಾನೂ ಹಾಸ್ಟೆಲಿನಲ್ಲಿ ಓದಿದವಳು. ಬೆಳಗಿನ ನಾಲ್ಕಕ್ಕೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದೇನೆ. ಹನ್ನೆರಡು ಜನಕ್ಕೆ ಒಂದು ಟ್ಯೂಬ್‌ಲೈಟ್ ಇತ್ತು, ಅದರ ಕೆಳಗಿನ ಜಾಗಕ್ಕೆ ದಿನಾ ಜಗಳ. ಈ ಕಟ್ಟಡದಲ್ಲಿ ಹಾಗೆ ಆಗಬಾರದು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ನಮ್ಮ ಕಡೆ ನದಿಯಿಲ್ಲ, ಇರುವುದು ಬೋರ್‌ವೆಲ್ ಮತ್ತು ಟ್ಯಾಂಕರ್. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಸಿದ್ಧಗಂಗೆ ರಸ್ತೆ (ತುಮಕೂರು, ಆರ್ಕಿಟೆಕ್ಟ್)

ಮೇಡಂ, ಮೊದಲು ಯಾವ ಸರ್ಟಿಫಿಕೇಟ್ ಅನ್ನುವುದನ್ನು ಈ ವಾರವೇ ತೀರ್ಮಾನ ಮಾಡಿ. ಕಟ್ಟಿ ಮುಗಿದ ಮೇಲೆ ಯೋಚಿಸಿದರೆ ಎಲ್ಲದಕ್ಕೂ ದುಬಾರಿ.

ಐಜಿಬಿಸಿ ಅಂದರೆ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್, ಉದ್ಯಮಗಳ ಒಕ್ಕೂಟ ಸಿಐಐ ಕೆಳಗೆ 2001ರಲ್ಲಿ ಶುರುವಾದ ಸಂಸ್ಥೆ, ಹೈದರಾಬಾದಿನದು. ಸರ್ಟಿಫೈಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ನಾಲ್ಕು ಮೆಟ್ಟಿಲು. ಗೃಹ ಎನ್ನುವುದು ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ತಂದದ್ದು. ಅದರಲ್ಲಿ 2,500 ಚದರ ಮೀಟರ್ ಒಳಗಿನ ಕಟ್ಟಡಗಳಿಗೆ ಸ್ವಗೃಹ ಅಂತ ಬೇರೆ ಇದೆ. ನಿಮ್ಮ ಅಳತೆಗೆ ಅದು ಹೊಂದುತ್ತದೆ. ಎಡ್ಜ್ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯದು. ಅದರ ನಿಯಮ ಸರಳ: ಆ ಊರಿನ ಮಾಮೂಲಿ ಕಟ್ಟಡಕ್ಕಿಂತ ಕರೆಂಟಿನಲ್ಲಿ 20%, ನೀರಿನಲ್ಲಿ 20%, ಕಟ್ಟುವ ಸಾಮಗ್ರಿಯ ಲೆಕ್ಕದಲ್ಲಿ 20% ಉಳಿತಾಯ ತೋರಿಸಬೇಕು. ಮೂರರಲ್ಲಿ ಒಂದು ಕಮ್ಮಿಯಾದರೂ ಇಲ್ಲ.

ಇನ್ನೊಂದು, ನನ್ನ ಸ್ವಂತ ತಪ್ಪಿನಿಂದ ಕಲಿತದ್ದು. ಒಂದು ಕಾಲೇಜು ಕಟ್ಟಡದಲ್ಲಿ ಮಳೆನೀರು ಇಂಗುಗುಂಡಿಯನ್ನು ನಿಯತ್ತಾಗಿ ಮಾಡಿಸಿದ್ದೆವು. ಮೂರು ಮೀಟರ್ ಆಳ, ಕೆಳಗೆ ಸೈಜ್ ಕಲ್ಲು, ಮೇಲೆ ಜಲ್ಲಿ, ಮರಳು. ಫೋಟೋ ಮಾತ್ರ ತೆಗೆದಿರಲಿಲ್ಲ. ಮೇಲೆ ಪೇವರ್ಸ್ ಹಾಸಿಬಿಟ್ಟಿದ್ದರು. ಪರಿಶೀಲನೆಗೆ ಬಂದವರು ಪುರಾವೆ ಕೇಳಿದರು. ಕೊನೆಗೆ ಪೇವರ್ಸ್ ಕಿತ್ತು, ಗುಂಡಿ ಬಿಚ್ಚಿ ತೋರಿಸಿ, ಮತ್ತೆ ಮುಚ್ಚಿದೆವು. ಮಣ್ಣಿನೊಳಗೆ, ಗೋಡೆಯೊಳಗೆ ಹೋಗುವ ಪ್ರತಿಯೊಂದಕ್ಕೂ ಮುಚ್ಚುವ ಮುಂಚೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ನಲ್ಲಿ, ಫ್ಲಶ್, ಲೈಟು, ಫ್ಯಾನು ಇವುಗಳ ಡಬ್ಬಿ ಮೇಲಿನ ಚೀಟಿ ಮತ್ತು ಬಿಲ್ಲನ್ನು ಒಂದೇ ಫೈಲಿನಲ್ಲಿ ಇಡಿ.

ಕಿಟಕಿ ಆರ್ಡರ್ ಆಗಿದೆಯಾ? ಆಗಿಲ್ಲದಿದ್ದರೆ ನಿಲ್ಲಿಸಿ, ಹೇಳುತ್ತೇನೆ.

ಅಂತರಗಂಗೆ

ಸಾರ್, ಕಿಟಕಿಗೆ ಮುಂದಿನ ವಾರ ಅಡ್ವಾನ್ಸ್ ಕೊಡಬೇಕಿತ್ತು. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್. ರೂಮಿಗೆ ಒಂದು, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ. ರೂಮಿನ ಅಳತೆ 3.6 ಮೀಟರ್‌ಗೆ 4.8 ಮೀಟರ್, ನಾಲ್ಕು ಹುಡುಗಿಯರಿಗೆ.

ಸಿದ್ಧಗಂಗೆ ರಸ್ತೆ

ಸದ್ಯ, ಕೇಳಿದ್ದು ಒಳ್ಳೆಯದಾಯಿತು. ಸ್ಲೈಡಿಂಗ್ ಕಿಟಕಿಯಲ್ಲಿ ಯಾವಾಗಲೂ ಅರ್ಧ ಮಾತ್ರ ತೆರೆಯುತ್ತದೆ, ಇನ್ನರ್ಧ ಅದರ ಹಿಂದೆ ಹೋಗಿ ನಿಲ್ಲುತ್ತದೆ. ವಾಸದ ಕಟ್ಟಡಗಳಿಗೆ 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ ಇದನ್ನು ಸ್ಪಷ್ಟವಾಗಿ ಲೆಕ್ಕ ಹಾಕುತ್ತದೆ. ಬೆಂಗಳೂರಿನಂಥ ಹಿತವಾದ ಹವೆಗೆ ಅದು ಕೇಳುವುದು ನೆಲದ ವಿಸ್ತೀರ್ಣದ 12.5% ತೆರೆಯುವ ಕಿಟಕಿ. ನಿಮ್ಮ ರೂಮು ಸುಮಾರು 17 ಚದರ ಮೀಟರ್. ಅಂದರೆ ಎರಡು ಚದರ ಮೀಟರ್ ಮೇಲೆ ಗಾಳಿಯ ದಾರಿ ಬೇಕು. ನಿಮ್ಮ ಕಿಟಕಿ ಪೂರ್ತಿ ಸೇರಿಸಿದರೂ 1.86. ಸ್ಲೈಡಿಂಗ್‌ನಲ್ಲಿ ಗಾಳಿಗೆ ಸಿಗುವುದು 0.9.

ಹಳೆಯ ಕಾಲದ ಹಾಗೆ ರೆಕ್ಕೆ ತೆರೆಯುವ ಕಿಟಕಿ ಹಾಕಿ. ಅದರಲ್ಲಿ 90% ಲೆಕ್ಕಕ್ಕೆ ಸಿಗುತ್ತದೆ. ಸ್ವಲ್ಪ ದೊಡ್ಡದು ಮಾಡಿ, ಬಾಗಿಲಿನ ಮೇಲೆ ಒಂದು ವೆಂಟಿಲೇಟರ್ ಕೊಡಿ. ಎದುರು ಬದುರು ದಾರಿಯಿದ್ದರೆ ಗಾಳಿ ಓಡಾಡುತ್ತದೆ. ಪಶ್ಚಿಮದ ಗೋಡೆಗೆ ಮಾತ್ರ ಕಿಟಕಿ ಕಮ್ಮಿ ಮಾಡಿ, ಸಜ್ಜಾ ಎರಡಡಿ ಹೊರಗೆ ಬರಲಿ.

ಲೈನ್‌ಮ್ಯಾನ್ ಮಗ (ಗೌರಿಬಿದನೂರು, ಎಲೆಕ್ಟ್ರಿಕಲ್ ಕೆಲಸ)

ಅಕ್ಕ, ಬೆಳಕಿನ ವಿಷಯ ನಾನು ಹೇಳುತ್ತೇನೆ. ಇದರಲ್ಲಿ ಜನ ತಲೆಕೆಳಗಾಗಿ ಬೀಳುತ್ತಾರೆ.

ಕಟ್ಟಡಗಳ ಇಂಧನ ಉಳಿತಾಯದ ಸಂಹಿತೆ, ಅಂದರೆ ಇಸಿಬಿಸಿ 2017ರಲ್ಲಿ ಶಾಲೆ, ವಿಶ್ವವಿದ್ಯಾಲಯದ ಕಟ್ಟಡಗಳಿಗೆ ಲೈಟಿನ ಮಿತಿ ಚದರ ಮೀಟರ್‌ಗೆ 11.2 ವಾಟ್. ಕಚೇರಿಗೆ 9.5. ಕಾನೂನಾಗಿ ಅದು 100 ಕಿಲೋವಾಟ್ ಲೋಡ್ ದಾಟಿದ ಕಟ್ಟಡಗಳಿಗೆ, ನಿಮಗೆ ಅನ್ವಯಿಸುವುದಿಲ್ಲ. ಆದರೆ ಸರ್ಟಿಫಿಕೇಟಿನವರು ಇಂಥ ಮಿತಿಗೆ ಹೋಲಿಸಿಯೇ ನೋಡುತ್ತಾರೆ.

ಈಗ ನಿಮ್ಮ ರೂಮು ನೋಡಿ. ಎರಡು 20 ವಾಟ್ ಎಲ್‌ಇಡಿ ಟ್ಯೂಬ್ ಹಾಕಿದರೆ 40 ವಾಟ್. ಚದರ ಮೀಟರ್‌ಗೆ 2.3 ವಾಟ್. ಮಿತಿಯ ಕಾಲು ಭಾಗವೂ ಇಲ್ಲ! ಕನ್ಸಲ್ಟೆಂಟ್ ಖುಷಿಯಾಗುತ್ತಾರೆ, ಹಾಳೆಯಲ್ಲಿ 79% ಉಳಿತಾಯ ಅಂತ ಬರುತ್ತದೆ. ಆದರೆ ಓದುವ ಹುಡುಗಿಯ ಪುಸ್ತಕದ ಮೇಲೆ ಎಷ್ಟು ಬೆಳಕು ಬಿತ್ತು? ಎರಡು ಟ್ಯೂಬಿನಿಂದ 4,000 ಲ್ಯುಮೆನ್ ಬೆಳಕು ಹೊರಡುತ್ತದೆ. ಗೋಡೆ, ಧೂಳು, ಮಂಚದ ನೆರಳು ಎಲ್ಲ ನುಂಗಿದ ಮೇಲೆ ಮೇಜಿನ ಎತ್ತರದಲ್ಲಿ 100 ಲಕ್ಸ್ ಆಸುಪಾಸು ಸಿಕ್ಕರೆ ಪುಣ್ಯ. ಓದಲು ಬೇಕಾದ್ದು 300. ಲೈಟು ಬೆನ್ನ ಹಿಂದೆ ಇದ್ದರಂತೂ ಅವಳ ತಲೆಯ ನೆರಳೇ ಪುಸ್ತಕದ ಮೇಲೆ.

ಹಾಗಾಗಿ ವಾಟ್ ಕಮ್ಮಿ ಬಂತು ಅಂತ ಅಲ್ಲಿಗೇ ಬಿಡಬೇಡಿ. ರೂಮಿಗೆ ಆ ಎರಡು ಟ್ಯೂಬ್ ಇರಲಿ. ಪ್ರತಿ ಮೇಜಿನ ಮೇಲೆ ಗೋಡೆಗೆ 5 ವಾಟಿನ ಒಂದು ಲೈಟು, ಅದಕ್ಕೆ ಬೇರೆ ಸ್ವಿಚ್ಚು. ನಾಲ್ಕು ಸೇರಿ 20 ವಾಟ್ ಜಾಸ್ತಿ. ಒಟ್ಟು 60 ವಾಟ್, ಆಗಲೂ ಚದರ ಮೀಟರ್‌ಗೆ 3.5 ಮಾತ್ರ. ರಾತ್ರಿ ಒಬ್ಬಳು ಓದುವಾಗ ಉಳಿದ ಮೂವರು ನಿದ್ದೆ ಮಾಡಬಹುದು.

ಗೋಡೆಗೆ ತಿಳಿ ಬಣ್ಣ, ಚಾವಣಿಗೆ ಬಿಳಿ. ಕಾರಿಡಾರಿಗೆ, ಬಾತ್‌ರೂಮಿಗೆ ಸೆನ್ಸರ್. ಬಾತ್‌ರೂಮಿನ ಸೆನ್ಸರ್ ಟೈಮು ಹತ್ತು ನಿಮಿಷಕ್ಕಿಂತ ಕಮ್ಮಿ ಇಡಬೇಡಿ. ಸ್ನಾನದ ಮಧ್ಯೆ ಕತ್ತಲಾದರೆ ಮಕ್ಕಳು ಹೆದರುತ್ತಾರೆ, ಆಮೇಲೆ ಯಾರಾದರೂ ಸೆನ್ಸರನ್ನೇ ಕಿತ್ತುಹಾಕುತ್ತಾರೆ. ಫೋನಿನ ಆಪ್‌ನಲ್ಲಿ ಲಕ್ಸ್ ಅಳೆಯಬೇಡಿ, ಒಂದೊಂದು ಫೋನು ಒಂದೊಂದು ಹೇಳುತ್ತದೆ. ಲಕ್ಸ್ ಮೀಟರ್ ಬಾಡಿಗೆಗೆ ಸಿಗುತ್ತದೆ.

ನಲ್ಲಿ ಮೇಸ್ತ್ರಿ (ಮಾಲೂರು)

ಮೇಡಂ, ನೀರಿನ ಪಟ್ಟಿಯಲ್ಲಿ ನಿಮಗೆ ಏನು ಬರೆದಿದ್ದಾರೆ ಅಂತ ಊಹಿಸಬಲ್ಲೆ. ಫ್ಲಶ್‌ಗೆ 6 ಮತ್ತು 3 ಲೀಟರ್, ನಲ್ಲಿಗೆ ನಿಮಿಷಕ್ಕೆ 6 ಲೀಟರ್, ಶವರ್‌ಗೆ 10 ಲೀಟರ್. ಇದಕ್ಕಿಂತ ಕಮ್ಮಿ ತೋರಿಸಿ ಅಂತ. ಅಲ್ವಾ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತಿದೆ, ಹುಡುಕಿ ನೋಡಿ: 3 ಬಾರ್ ಒತ್ತಡದಲ್ಲಿ.

3 ಬಾರ್ ಅಂದರೆ ನಲ್ಲಿಗಿಂತ 30 ಮೀಟರ್ ಎತ್ತರದಲ್ಲಿ ಟ್ಯಾಂಕ್ ಇರಬೇಕು. ಹತ್ತು ಮಹಡಿ! ನಿಮ್ಮದು ಮೂರು ಮಹಡಿ. ತಾರಸಿ ಟ್ಯಾಂಕಿನಿಂದ ಮೇಲಿನ ಮಹಡಿಯ ನಲ್ಲಿಗೆ ಬಹಳ ಅಂದರೆ 4 ಮೀಟರ್, ಅಂದರೆ 0.4 ಬಾರ್. ಕೆಳಗಿನ ಮಹಡಿಗೆ 10 ಮೀಟರ್, 1 ಬಾರ್. ಒತ್ತಡ ಕಮ್ಮಿಯಾದರೆ ನೀರೂ ಕಮ್ಮಿ. 3 ಬಾರಿನಲ್ಲಿ 6 ಲೀಟರ್ ಕೊಡುವ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸಲು ನಲ್ಲಿ ಬಾಯಿಗೆ ಹಾಕುವ ಜಾಲರಿ) ನಿಮ್ಮ ಕೆಳಮಹಡಿಯಲ್ಲಿ ಮೂರೂವರೆ ಲೀಟರ್ ಕೊಡುತ್ತದೆ. ಮೇಲಿನ ಮಹಡಿಯಲ್ಲಿ ಎರಡು ಲೀಟರ್ ಚಿಲ್ಲರೆ.

ಎರಡು ಲೀಟರಿನಲ್ಲಿ ಬಕೆಟ್ ತುಂಬುವುದು ಯಾವಾಗ? ಸ್ಕೂಲಿಗೆ ಹೋಗುವ ಹೊತ್ತಿನಲ್ಲಿ ಯಾವ ಹುಡುಗಿ ಕಾಯುತ್ತಾಳೆ? ನಾನು ಮಾಡಿದ ಒಂದು ಕಟ್ಟಡದಲ್ಲಿ ಮೂರೇ ವಾರದಲ್ಲಿ ಎಲ್ಲ ಏರೇಟರ್ ಬಿಚ್ಚಿ ಕಿಟಕಿ ಮೇಲೆ ಸಾಲಾಗಿ ಇಟ್ಟಿದ್ದರು. ಅವರದೇನೂ ತಪ್ಪಿಲ್ಲ. ಬಕೆಟ್ ತುಂಬಲು ಹಾಕುವ ನಲ್ಲಿಗೆ ಏರೇಟರ್ ಹಾಕಿದ ನನ್ನದೇ ತಪ್ಪು.

ನಾನು ಈಗ ಮಾಡುವುದು ಹೀಗೆ. ಕೈ ತೊಳೆಯುವ ಬೇಸಿನ್‌ಗೆ, ಅಡುಗೆಮನೆ ಸಿಂಕಿಗೆ ಮಾತ್ರ ಏರೇಟರ್. ಅಲ್ಲಿ ನೀರು ಸುಮ್ನೆ ಹರಿದು ಹೋಗುತ್ತದೆ, ಅಲ್ಲೇ ತಡೆಯಬೇಕು. ಬಕೆಟ್ ನಲ್ಲಿಗೆ ಬೇಡ. ಬಕೆಟ್ ತುಂಬಿದ ಮೇಲೆ ಹೇಗೂ ನಿಲ್ಲಿಸುತ್ತಾರೆ, ಬೇಗ ತುಂಬಿದರೆ ನೀರು ಜಾಸ್ತಿ ಖರ್ಚಾಗುವುದಿಲ್ಲ. ನಮ್ಮ ಕಡೆ ನೀರು ಗಡಸು, ಏರೇಟರ್ ಜಾಲರಿಗೆ ಎರಡೇ ತಿಂಗಳಲ್ಲಿ ಸುಣ್ಣ ಕಟ್ಟುತ್ತದೆ. ಬಿಚ್ಚಿ, ನಿಂಬೆಹಣ್ಣಿನ ರಸದಲ್ಲಿ ರಾತ್ರಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಇದನ್ನು ಮಾಡುವವರು ಯಾರು ಅಂತ ಮೊದಲೇ ಗೊತ್ತು ಮಾಡಿ.

ಒಂದು ಪ್ರಶ್ನೆ. ಈಗ ಮಕ್ಕಳು ದಿನಕ್ಕೆ ಎಷ್ಟು ನೀರು ಬಳಸುತ್ತಿದ್ದಾರೆ, ಅಳತೆ ಇದೆಯಾ?

ಅಂತರಗಂಗೆ

ಅಣ್ಣ, ಇರಲಿಲ್ಲ. ನಿಮ್ಮ ಪ್ರಶ್ನೆ ಓದಿ ನಾಚಿಕೆಯಾಯಿತು. ಮಕ್ಕಳು ಈಗ ಊರೊಳಗೆ ಬಾಡಿಗೆ ಕಟ್ಟಡದಲ್ಲಿದ್ದಾರೆ, ಅದೂ ಮೂರು ಮಹಡಿ. ಅಲ್ಲಿ ಟ್ಯಾಂಕಿನ ಪೈಪಿಗೆ ಒಂದು ಮೀಟರ್ ಹಾಕಿಸಿ ಹತ್ತು ದಿನ ಬರೆದುಕೊಂಡೆ.

ದಿನಕ್ಕೆ ಸರಾಸರಿ 7,400 ಲೀಟರ್. ತಲೆಗೆ 114 ಲೀಟರ್. ಮನೆಗಳಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 135, ಅದಕ್ಕೆ ಹೋಲಿಸಿದರೆ ಪರವಾಗಿಲ್ಲ ಅನ್ನಿಸಿತು. ಆಮೇಲೆ ರಾತ್ರಿ ಹನ್ನೊಂದಕ್ಕೆ ಮತ್ತು ಬೆಳಗ್ಗೆ ನಾಲ್ಕಕ್ಕೆ ಮೀಟರ್ ನೋಡಿದೆ. ಎಲ್ಲರೂ ಮಲಗಿರುವ ಹೊತ್ತು. 600 ಲೀಟರ್ ಓಡಿದೆ! ಒಂದೊಂದೇ ಫ್ಲಶ್ ಟ್ಯಾಂಕಿಗೆ ಚಿಟಿಕೆ ಅರಿಸಿನ ಹಾಕಿ ಕಾದೆವು. ಎರಡು ಕಡೆ ಮುಟ್ಟದೆಯೇ ಕೆಳಗೆ ಹಳದಿ ನೀರು ಇಳಿಯಿತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು. ಅದರ ಬೆಲೆ ಒಂದು ಕಾಫಿಯಷ್ಟು.

ಬಕೆಟ್ಟನ್ನೂ ಅಳೆದೆ. 20 ಲೀಟರ್ ಬಕೆಟ್, ಮೇಲಿನ ಮಹಡಿ, ಖಾಲಿ ನಲ್ಲಿ: ಎರಡು ನಿಮಿಷ ಹತ್ತು ಸೆಕೆಂಡ್. ಅದೇ ನಲ್ಲಿಗೆ ಏರೇಟರ್ ಹಾಕಿ: ಎಂಟು ನಿಮಿಷ ನಲವತ್ತು ಸೆಕೆಂಡ್. ನೀವು ಹೇಳಿದ್ದು ಅಕ್ಷರಶಃ ನಿಜ. ಕನ್ಸಲ್ಟೆಂಟ್ ಹಾಳೆಯಲ್ಲಿ ಶವರ್‌ಗೆ ಜಾಗವಿದೆ, ಬಕೆಟ್ ಸ್ನಾನಕ್ಕೆ ಇಲ್ಲ. ನಮ್ಮ ಮಕ್ಕಳು ಸ್ನಾನ ಮಾಡುವುದು ಒಂದು ಬಕೆಟ್, ಒಂದು ಚೊಂಬಿನಲ್ಲಿ. ಹತ್ತು ಲೀಟರ್ ಶವರ್ ಕೆಳಗೆ ಎರಡು ನಿಮಿಷ ನಿಂತರೆ ಆ ಬಕೆಟ್ ಮುಗಿಯಿತು. ಹಾಗಾಗಿ ಶವರ್ ಹಾಕಿಸುವ ಯೋಚನೆಯನ್ನೇ ಬಿಟ್ಟೆ.

ಮಾವಿನ ತೋಪು (ಶ್ರೀನಿವಾಸಪುರ)

ತಾಯಿ, ಕಮ್ಮಿ ಬಳಸುವ ಮಾತಾಯಿತು. ಮೇಲಿನಿಂದ ಬರುವುದರ ಲೆಕ್ಕ ಮಾಡಿದ್ದೀರಾ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂತ ಹಿಡಿಯಿರಿ. ನಿಮ್ಮ ತಾರಸಿ 400 ಚದರ ಮೀಟರ್. ಆವಿಯಾಗಿ, ಚೆಲ್ಲಿ ಹೋಗುವ ಐದನೇ ಒಂದು ಪಾಲು ಬಿಟ್ಟರೂ ವರ್ಷಕ್ಕೆ 2,24,000 ಲೀಟರ್. ಒಂದು ಹದ ಮಳೆ, 10 ಮಿಲಿಮೀಟರ್ ಬಂದರೆ ಒಂದೇ ಸಲಕ್ಕೆ 3,200 ಲೀಟರ್.

ನಮ್ಮ ಮಳೆ ವರ್ಷವಿಡೀ ಬರುವುದಲ್ಲ. ಮೇ ತಿಂಗಳಲ್ಲಿ ಒಂದೆರಡು, ಆಮೇಲೆ ಆಗಸ್ಟಿನಿಂದ ಅಕ್ಟೋಬರಿನವರೆಗೆ ದಬದಬ. ಎಲ್ಲವನ್ನೂ ಹಿಡಿಯಲು ಸಂಪ್ ಕಟ್ಟಿದರೆ ದುಡ್ಡು ಸಾಲದು. 40,000 ಲೀಟರಿನ ಸಂಪ್ ಒಂದು ಮಳೆನೀರಿಗೇ ಅಂತ ಬೇರೆ ಕಟ್ಟಿಸಿ. ಬೋರ್ ನೀರು ಅದಕ್ಕೆ ಸೇರಬಾರದು. ಕುಡಿಯಲು, ಅಡುಗೆಗೆ ದಿನಕ್ಕೆ 350 ಲೀಟರ್ ಅಂದರೆ ತುಂಬಿದ ಸಂಪ್ ನೂರು ದಿನ ದಾಟುತ್ತದೆ. ಮಧ್ಯೆ ಮಧ್ಯೆ ಮಳೆ ಬಂದರೆ ಇನ್ನೂ ಜಾಸ್ತಿ.

ಯಾಕೆ ಕುಡಿಯಲು ಅನ್ನುತ್ತೇನೆ ಅಂದರೆ ಫ್ಲೋರೈಡ್. ಕೋಲಾರ, ಬಾಗೇಪಲ್ಲಿ, ಪಾವಗಡ ಎಲ್ಲ ಕಡೆ ಆಳದ ಬೋರಿನ ನೀರಲ್ಲಿ ಅದಿದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ನಮ್ಮ ತಂದೆಗೆ ಹಲ್ಲು ಕಂದಿತ್ತು, ಮಂಡಿ ಬಗ್ಗುತ್ತಿರಲಿಲ್ಲ. ಬೆಳೆಯುವ ಹೆಣ್ಣುಮಕ್ಕಳಿಗೆ ಆ ನೀರು ಕೊಡಬೇಡಿ. ಆಕಾಶದ ನೀರಲ್ಲಿ ಫ್ಲೋರೈಡ್ ಇಲ್ಲ.

ಮೊದಲ ಮಳೆಯ ನೀರು ಹೊರಗೆ ಹೋಗಲಿ. ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಅದರಲ್ಲೇ ಇರುತ್ತದೆ. ನಿಮ್ಮ ತಾರಸಿಗೆ ಮೊದಲ 800 ಲೀಟರ್ ಬಿಟ್ಟರೆ ಸಾಕು. ಕುಡಿಯುವ ಮುಂಚೆ ಕುದಿಸುವುದು ಇದ್ದೇ ಇದೆ. ಸಂಪ್ ತುಂಬಿ ಹೊರಬಂದ ನೀರನ್ನು ಇಂಗುಗುಂಡಿಗೆ ಕೊಡಿ. ಬೋರಿನ ಪೈಪಿಗೆ ನೇರವಾಗಿ ಮಾತ್ರ ಬಿಡಬೇಡಿ, ಮೇಲಿನ ಕೊಳೆ ನೇರ ಪಾತಾಳಕ್ಕೆ ಹೋಗುತ್ತದೆ.

ಕೆರೆ ಕಟ್ಟೆ (ಚಿಂತಾಮಣಿ)

ಎಲ್ಲ ಓದಿದೆ. ನನ್ನದೊಂದು ತಕರಾರು ಇದೆ, ಬೇಜಾರಾಗಬೇಡಿ.

ಬಕೆಟ್ ಅಳೆಯುವುದಕ್ಕೆ, ವಾಷರ್ ಬದಲಿಸುವುದಕ್ಕೆ, ಮಳೆನೀರು ಹಿಡಿಯುವುದಕ್ಕೆ ಸರ್ಟಿಫಿಕೇಟ್ ಯಾಕೆ ಬೇಕು? ನೋಂದಣಿ ಶುಲ್ಕ, ಕನ್ಸಲ್ಟೆಂಟ್ ಶುಲ್ಕ ಅಂತ ಹೋಗುವ ದುಡ್ಡಲ್ಲಿ ಇನ್ನೊಂದು ಸಂಪ್ ಆಗುತ್ತದೆ. ನಮ್ಮ ಹಿರಿಯರು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಒಂದರ ಕೋಡಿ ಬಿದ್ದರೆ ಇನ್ನೊಂದು ತುಂಬುತ್ತಿತ್ತು. ಅವರಿಗೆ ಯಾರೂ ಗೋಲ್ಡ್, ಪ್ಲಾಟಿನಂ ಕೊಡಲಿಲ್ಲ.

ಈಗ ನಮ್ಮ ಕೆರೆಗಳಿಗೆ ಬರುತ್ತಿರುವುದು ಏನು? ಬೆಂಗಳೂರು ಬಳಸಿ ಬಿಟ್ಟ ನೀರು. 2018ರಿಂದ ಕೆಸಿ ವ್ಯಾಲಿ ನೀರು ಕೋಲಾರದ ಕೆರೆಗಳಿಗೆ, ಆಮೇಲೆ ಎಚ್‌ಎನ್ ವ್ಯಾಲಿ ನೀರು ನಮ್ಮ ಚಿಕ್ಕಬಳ್ಳಾಪುರದ ಕಡೆಗೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕಳಿಸುತ್ತಾರೆ. ಬೋರಿನಲ್ಲಿ ನೀರು ಮೇಲೆ ಬಂದಿದೆ ಅಂತ ರೈತರು ಹೇಳುತ್ತಾರೆ, ಅದು ನಿಜ, ನಮ್ಮ ಹೊಲದಲ್ಲೇ ಕಂಡಿದ್ದೇನೆ. ಮೂರನೇ ಹಂತ ಶುದ್ಧೀಕರಣವೂ ಆಗಲಿ ಅಂತ ನಾವು ಕೇಳುತ್ತಲೇ ಇದ್ದೇವೆ. ಕಾಂಪೌಂಡ್ ಒಳಗಿನ ನಲ್ಲಿಗೆ ಅಂಕ ಕೊಡುವವರು ಕಾಂಪೌಂಡ್ ಹೊರಗಿನ ಈ ಕಥೆಯನ್ನು ಎಲ್ಲಿ ಬರೆದುಕೊಳ್ಳುತ್ತಾರೆ?

ಅಂತರಗಂಗೆ

ಅಣ್ಣ, ಬೇಜಾರೇನಿಲ್ಲ. ಕೆರೆಯ ಮಾತು ನನ್ನ ಮನಸ್ಸಿನದೂ ಹೌದು.

ಆದರೆ ಒಂದು ಹೇಳಬೇಕು. ಆ ಬಾಡಿಗೆ ಕಟ್ಟಡದಲ್ಲಿ ಮಕ್ಕಳು ಆರು ವರ್ಷದಿಂದ ಇದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ಕೊಟ್ಟು ಸುಸ್ತಾಗಿದ್ದೇವೆ. ಒಬ್ಬರಾದರೂ ಒಂದು ದಿನ ಮೀಟರ್ ಹಾಕಿ ನೋಡಿರಲಿಲ್ಲ, ನಾನೂ ಸೇರಿ. ಹಾಳೆಯಲ್ಲಿ ಅಂಕಿ ತುಂಬಲೇಬೇಕು ಅಂತ ಬಂದಾಗ ನೋಡಿದೆವು. ರಾತ್ರಿ 600 ಲೀಟರ್ ಸೋರುವುದು ಗೊತ್ತಾಗಿದ್ದು ಈ ಸರ್ಟಿಫಿಕೇಟಿನ ಕಾಟದಿಂದಲೇ. ನನಗೆ ಅದರ ಫಲಕಕ್ಕಿಂತ ಈ ಅಳೆಯುವ ಕಾಟವೇ ಬೇಕಾಗಿದೆ.

ಕೆರೆ ಕಟ್ಟೆ

ಈ ಮಾತು ಒಪ್ಪಿದೆ. ಅಳತೆ ಪುಸ್ತಕ ಸರ್ಟಿಫಿಕೇಟ್ ಬಂದ ಮೇಲೂ ಮುಂದುವರಿಯಲಿ. ಸ್ನಾನದ ನೀರನ್ನು ಏನು ಮಾಡುತ್ತೀರಿ?

ನಲ್ಲಿ ಮೇಸ್ತ್ರಿ

ಅದಕ್ಕೆ ಈಗಲೇ ಪೈಪ್ ಬೇರೆ ಮಾಡಿ ಮೇಡಂ. ಸ್ನಾನ ಮತ್ತು ಬಟ್ಟೆ ಒಗೆದ ನೀರು ಒಂದು ಪೈಪಿನಲ್ಲಿ, ಕಕ್ಕಸಿನದು ಇನ್ನೊಂದರಲ್ಲಿ. ಗೋಡೆ ಪ್ಲಾಸ್ಟರ್ ಆದ ಮೇಲೆ ಇದು ಆಗದ ಕೆಲಸ. ಸ್ನಾನದ ನೀರನ್ನು ಜಲ್ಲಿ ತುಂಬಿದ ತೊಟ್ಟಿಯಲ್ಲಿ ಕ್ಯಾನಾ ಗಿಡ ನೆಟ್ಟು ಹಾಯಿಸಿದರೆ ತೋಟಕ್ಕೆ ಸಾಕು. ಆರ್‌ಓ ಮಿಷಿನ್ ಹಾಕಿದರೆ ಅದು ಹೊರಗೆ ಬಿಡುವ ನೀರನ್ನು ನೆಲ ಒರೆಸಲು, ಕಕ್ಕಸಿಗೆ ಬಳಸಿ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ ಅದು.

ಇನ್ನೊಂದು. ಇಂಡಿಯನ್ ಕಮೋಡಿಗೆ 3 ಲೀಟರಿನ ಅರ್ಧ ಫ್ಲಶ್ ಕೆಲವು ಸಲ ಸಾಲದು. ಮಕ್ಕಳು ಮೇಲೆ ಒಂದು ಬಕೆಟ್ ಸುರಿಯುತ್ತಾರೆ, ಉಳಿಸಿದ್ದೆಲ್ಲ ಹೋಯಿತು. ಖರೀದಿಗೆ ಮುಂಚೆ ಅಂಗಡಿಯಲ್ಲೇ ನೀರು ಹಾಕಿ ನೋಡಿ, ಒಳಗಿನ ಇಳಿಜಾರು ಚೆನ್ನಾಗಿರುವುದನ್ನೇ ತಗೊಳ್ಳಿ.

ವಾರ್ಡನ್ (ತುಮಕೂರು)

ನಾನು ಕಟ್ಟುವವಳಲ್ಲ, ಹಾಸ್ಟೆಲ್ ನಡೆಸುವವಳು. ಬಿಸಿನೀರಿನ ಬಗ್ಗೆ ಒಂದು ಹೇಳಲಾ?

ನಮ್ಮಲ್ಲಿ ತಾರಸಿ ಮೇಲೆ ಸೋಲಾರ್ ಹೀಟರ್ ಇದೆ. ಅಲ್ಲಿಂದ ಕೊನೆಯ ಬಾತ್‌ರೂಮಿಗೆ 20 ಮೀಟರ್ ಪೈಪು, ಒಂದು ಇಂಚಿನದು. ರಾತ್ರಿಯೆಲ್ಲ ಆ ಪೈಪಿನಲ್ಲಿ ನಿಂತ ನೀರು ತಣ್ಣಗಾಗುತ್ತದೆ. ಬೆಳಗ್ಗೆ ಮೊದಲು ಹೋದವಳು ಬಿಸಿ ಬರುವವರೆಗೆ ನಲ್ಲಿ ತಿರುಗಿಸಿ ಬಿಡುತ್ತಾಳೆ. ಒಂದು ದಿನ ಬಕೆಟ್ ಇಟ್ಟು ನೋಡಿದೆ, ಹತ್ತು ಲೀಟರ್. ನಮ್ಮಲ್ಲಿ ಆರು ಬಾತ್‌ರೂಮಿಗೆ ಬೇರೆ ಬೇರೆ ಪೈಪು. ದಿನಾ 60 ಲೀಟರ್ ಒಳ್ಳೆಯ ನೀರು ಮೋರಿಗೆ.

ಈಗ ಆ ಮೊದಲ ಬಕೆಟ್ ನೀರನ್ನು ಬಟ್ಟೆ ನೆನೆಹಾಕಲು ಇಟ್ಟುಕೊಳ್ಳಬೇಕು ಅಂತ ಹುಡುಗಿಯರೇ ನಿಯಮ ಮಾಡಿಕೊಂಡಿದ್ದಾರೆ. ನೀವು ಹೊಸದಾಗಿ ಕಟ್ಟುತ್ತಿದ್ದೀರಿ. ಬಾತ್‌ರೂಮುಗಳನ್ನು ಹೀಟರಿನ ಕೆಳಗೇ, ಒಂದರ ಮೇಲೊಂದು ಬರುವ ಹಾಗೆ ಮಾಡಿ. ಪೈಪಿಗೆ ಮೇಲು ಹೊದಿಕೆ ಹಾಕಿಸಿ.

ಸಿದ್ಧಗಂಗೆ ರಸ್ತೆ

ಮೇಡಂ, ಇದನ್ನು ನಾನೂ ಬರೆದುಕೊಂಡೆ. ಇಪ್ಪತ್ತು ವರ್ಷದಿಂದ ನಕ್ಷೆ ಬರೆಯುತ್ತಿದ್ದೇನೆ, ಬಿಸಿನೀರಿನ ಪೈಪಿನ ಉದ್ದವನ್ನು ನೀರಿನ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ.

ಗಣಿ ಊರಿನವನು (ಕೆಜಿಎಫ್)

ಕರೆಂಟಿನ ಬಗ್ಗೆ ಯಾರೂ ಪೂರ್ತಿ ಬರೆದಿಲ್ಲ, ನಾನು ಬರೆಯುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಕರೆಂಟು ಬಂತು. ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಅಷ್ಟು ದೂರದಿಂದ ತಂದ ಕರೆಂಟನ್ನು ಹೇಗೆ ಬೇಕೋ ಹಾಗೆ ಸುಡಬಾರದು ಅಂತ ನಮ್ಮ ತಾತ ಹೇಳುತ್ತಿದ್ದರು. ಈಗ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಬಿಸಿಲು ನಮಗೆ ಬೇಕಾದಷ್ಟಿದೆ.

ಆದರೂ ತಾರಸಿಗೆ ಸೋಲಾರ್ ಹಾಕುವ ಮುಂಚೆ ಫ್ಯಾನ್ ನೋಡಿ. ಮಾಮೂಲಿ ಸೀಲಿಂಗ್ ಫ್ಯಾನ್ 75 ವಾಟ್. ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಮೋಟಾರಿನ ಫ್ಯಾನ್ 30 ವಾಟ್. ನಿಮಗೆ 40 ಫ್ಯಾನ್ ಅನ್ನೋಣ, ದಿನಕ್ಕೆ 12 ಗಂಟೆ. ಉಳಿತಾಯ ದಿನಕ್ಕೆ 21 ಯೂನಿಟ್ ಮೇಲೆ. 5 ಕಿಲೋವಾಟ್ ಸೋಲಾರ್ ದಿನಕ್ಕೆ ಕೊಡುವುದು ಸುಮಾರು 20 ಯೂನಿಟ್. ಅಂದರೆ ಫ್ಯಾನ್ ಬದಲಿಸುವುದು ಒಂದು ಸಣ್ಣ ಸೋಲಾರ್ ಘಟಕ ಹಾಕಿದ ಹಾಗೆಯೇ, ಖರ್ಚು ಅದಕ್ಕಿಂತ ಕಮ್ಮಿ. ಮೊದಲು ಇದು, ಆಮೇಲೆ ಅದು.

ಸೋಲಾರ್ ಹಾಕುವಾಗ ಬೆಸ್ಕಾಂ ನೆಟ್ ಮೀಟರಿಂಗಿಗೆ (ಹೆಚ್ಚಾದ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ಅರ್ಜಿ ಕೊಡಿ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆಗಳಿಗೆ. ಟ್ರಸ್ಟ್ ಹೆಸರಿನ ಹಾಸ್ಟೆಲಿಗೆ ಅದನ್ನು ನಂಬಿ ಬಜೆಟ್ ಹಾಕಬೇಡಿ.

ಲೈನ್‌ಮ್ಯಾನ್ ಮಗ

ಕೆಜಿಎಫ್‌ನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಬಿಎಲ್‌ಡಿಸಿ ಫ್ಯಾನಿಗೆ ರಿಮೋಟ್ ಬರುತ್ತದೆ, ಹಾಸ್ಟೆಲಿನಲ್ಲಿ ಅದು ಒಂದು ವಾರವೂ ಬಾಳುವುದಿಲ್ಲ. ಗೋಡೆ ರೆಗ್ಯುಲೇಟರ್ ಜೊತೆ ಕೆಲಸ ಮಾಡುವ ಮಾಡೆಲ್ ಕೇಳಿ ತಗೊಳ್ಳಿ.

ಸಿದ್ಧಗಂಗೆ ರಸ್ತೆ

ಮೇಲಿನ ಮಹಡಿಯ ಬಿಸಿಯನ್ನು ಮರೆಯಬೇಡಿ. ಇಕೋ ನಿವಾಸ ಸಂಹಿತೆಯಲ್ಲಿ ಚಾವಣಿ ಒಳಕ್ಕೆ ಬಿಡುವ ಶಾಖಕ್ಕೆ ಮಿತಿ ಇದೆ, ಯು ಮೌಲ್ಯ (ಶಾಖ ದಾಟುವ ಅಳತೆ, ಕಮ್ಮಿಯಿದ್ದಷ್ಟೂ ತಂಪು) 1.2. ಬರೀ ಆರ್‌ಸಿಸಿ ಮೋಲ್ಡ್ ಅದರ ಹತ್ತಿರಕ್ಕೂ ಬರುವುದಿಲ್ಲ. ಮೋಲ್ಡ್ ಮೇಲೆ 40 ಮಿಲಿಮೀಟರ್ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಾಳೆ ಹಾಕಿ, ಅದರ ಮೇಲೆ ಸ್ಕ್ರೀಡ್ (ಗಾರೆಯ ಪದರ), ಕೊನೆಗೆ ಬಿಳಿ ಟೈಲ್ಸ್. ಮಳೆನೀರಿಗೂ ಬಿಳಿ ಟೈಲ್ಸ್ ಒಳ್ಳೆಯದು, ಗುಡಿಸುವುದು ಸುಲಭ.

ಅಂತರಗಂಗೆ (ಹನ್ನೊಂದು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಮಕ್ಕಳು ಹೊಸ ಕಟ್ಟಡಕ್ಕೆ ಬಂದು ಹತ್ತು ವಾರ ಆಯಿತು. ಸ್ವಗೃಹಕ್ಕೆ ಕಾಗದ ಕೊಟ್ಟಿದ್ದೇವೆ, ಪರಿಶೀಲನೆ ಇನ್ನೂ ಬಾಕಿ. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ನೀರು ದಿನಕ್ಕೆ 5,200 ಲೀಟರ್. ತಲೆಗೆ 80. ಬಕೆಟ್ ನಲ್ಲಿಗೆ ಏರೇಟರ್ ಇಲ್ಲ, ಬೇಸಿನ್‌ಗೆ ಇದೆ, ಇದುವರೆಗೆ ಒಬ್ಬರೂ ಬಿಚ್ಚಿಲ್ಲ. ಪ್ರತಿ ಮಹಡಿಗೂ ಒಂದು ಮೀಟರ್ ಹಾಕಿಸಿದ್ದೇವೆ. ಪಿಯು ಓದುವ ಒಬ್ಬ ಹುಡುಗಿ ಸಂಜೆ ಏಳಕ್ಕೆ ಮೂರೂ ಮೀಟರ್ ನೋಡಿ ಮೆಟ್ಟಿಲ ಹತ್ತಿರದ ಪುಸ್ತಕದಲ್ಲಿ ಬರೆಯುತ್ತಾಳೆ. ಹೋದ ತಿಂಗಳು ಎರಡನೇ ಮಹಡಿಯ ಅಂಕಿ ಒಂದೇ ದಿನ 300 ಜಾಸ್ತಿ ಬಂದಿತ್ತು. ಅವಳೇ ಹುಡುಕಿ ಹೇಳಿದಳು, ಫ್ಲಶ್ ಟ್ಯಾಂಕಿನ ತೇಲುಬುರುಡೆ ಸಿಕ್ಕಿಹಾಕಿಕೊಂಡಿತ್ತು.

ಮಳೆನೀರಿನ ಸಂಪ್ ಸೆಪ್ಟೆಂಬರಿನ ಎರಡು ಮಳೆಗೇ ಮುಕ್ಕಾಲು ತುಂಬಿತು. ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೆ, ಫ್ಲೋರೈಡ್ 1.9 ಬಂತು. ಅಡುಗೆಗೆ, ಕುಡಿಯಲು ಈಗ ಮಳೆನೀರು ಮಾತ್ರ, ಸೋಸಿ ಕುದಿಸಿ. ಬೇಳೆ ಬೇಗ ಬೇಯುತ್ತದೆ ಅಂತ ಅಡುಗೆಯಮ್ಮ ಮೊದಲ ದಿನವೇ ಹೇಳಿದರು. ಗಡಸು ನೀರಿನಲ್ಲಿ ಅದು ಒಂದು ಗಂಟೆ ಸತಾಯಿಸುತ್ತಿತ್ತು.

ಲಕ್ಸ್ ಮೀಟರ್ ತಂದು ರಾತ್ರಿ ಎಂಟಕ್ಕೆ ಅಳೆದೆವು. ಟ್ಯೂಬ್ ಮಾತ್ರ ಹಾಕಿದಾಗ ಮೇಜಿನ ಮೇಲೆ 110, ಗೋಡೆ ಲೈಟೂ ಹಾಕಿದಾಗ 340. ಗೌರಿಬಿದನೂರಿನ ತಮ್ಮನಿಗೆ ನನ್ನ ಹುಡುಗಿಯರ ಕಡೆಯಿಂದ ಧನ್ಯವಾದ. ಕಿಟಕಿ ರೆಕ್ಕೆಯದೇ ಹಾಕಿದೆವು. ಒಳಗಿನ ಸೊಳ್ಳೆ ಜಾಲರಿಯನ್ನು ಕೂಡಿಸುವುದರಲ್ಲಿ ಬಡಗಿಗೆ ಸಾಕಾಗಿ ಹೋಯಿತು, ಆದರೆ ಏಪ್ರಿಲಿನಲ್ಲೂ ಕೆಳಗಿನ ರೂಮುಗಳಲ್ಲಿ ಫ್ಯಾನು ಎರಡರ ಮೇಲೆ ಇಡಬೇಕಾಗುವುದಿಲ್ಲ ಅನ್ನಿಸುತ್ತಿದೆ.

ಒಂದು ಕೆಲಸ ಮಾತ್ರ ಸರಿಬರಲಿಲ್ಲ. ಮೇಲಿನ ಮಹಡಿಯ ಪಶ್ಚಿಮದ ಮೂಲೆ ರೂಮು. ಚಾವಣಿಗೆ ಹಾಳೆ ಹಾಕಿಸಿದ್ದೇವೆ, ಬಿಳಿ ಟೈಲ್ಸ್ ಇದೆ. ಆದರೂ ಸಂಜೆ ಆರಕ್ಕೆ ಆ ಗೋಡೆಗೆ ಕೈಯಿಟ್ಟರೆ ಒಳಗಿನಿಂದಲೇ ಬೆಚ್ಚಗೆ. ಸಜ್ಜಾ ಎರಡಡಿ ಬರಬೇಕಿದ್ದದ್ದು ಒಂದೂವರೆಗೇ ನಿಂತಿದೆ, ಕಬ್ಬಿಣ ಕಟ್ಟುವ ದಿನ ನಾನು ಸೈಟಿನಲ್ಲಿರಲಿಲ್ಲ. ಈಗ ಹೊರಗೆ ಬಿದಿರಿನ ತಡಿಕೆ ಕಟ್ಟಿ ಬಳ್ಳಿ ಹಬ್ಬಿಸುವುದಾ, ಇಲ್ಲ ಗೋಡೆಗೆ ಇನ್ನೊಂದು ಪದರ ಕೊಡುವುದಾ? ಭಾನುವಾರ ಆ ಗೋಡೆಗೆ ಥರ್ಮಾಮೀಟರ್ ಕಟ್ಟಿ ಬೆಳಗಿನಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ಬರೆಯುತ್ತೇವೆ. ಅಂಕಿ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.